ಡ್ರಾಸೆರಾ ಹುಳ ಹಿಡಿಯುವುದು ಹೊಟ್ಟೆಪಾಡಿಗಲ್ಲ

ಮಕ್ಕಳೇ, ಮಳೆಗಾಲದಲ್ಲಿ ಕುದುರೆಮುಖದ ಕಡೆಯ ಎತ್ತರದ ಹುಲ್ಲುಗಾವಲಿಗೆ ಹೋದರೆ ಕಾಲಬುಡವನ್ನು ನೋಡುತ್ತಾ ನಡೆಯಿರಿ. ಹುಲ್ಲು ತೆಳುವಾಗಿ, ನೆಲ ಒದ್ದೆಯಾಗಿರುವ ಕಡೆ ಗೇಣುದ್ದದ ಒಂದು ಬಡಕಲು ಗಿಡ ಸಿಗಬಹುದು. ಅದರ ಎಲೆ ಪುಟ್ಟ ಗುರಾಣಿಯಂತೆ, ಕೆಲವೇ ಮಿಲಿಮೀಟರ್ ಅಗಲ. ಅಂಚಿನ ತುಂಬಾ ಕೂದಲು, ಪ್ರತಿ ಕೂದಲಿನ ತುದಿಯಲ್ಲೂ ಒಂದು ಹೊಳೆಯುವ ಹನಿ. ಬಿಸಿಲೇರಿದರೂ ಆರದ ಹನಿ ಅದು. ಇದೇ ಡ್ರಾಸೆರಾ ಪೆಲ್ಟಾಟಾ.

ಹನಿ ಇಬ್ಬನಿಯಲ್ಲ, ಅಂಟು. ಹಲಸಿನ ಹಣ್ಣು ಕೊಯ್ದವರಿಗೆ ಗೊತ್ತು, ಮೇಣ ಒಂದು ಬೆರಳಿನಿಂದ ಬಿಟ್ಟರೆ ಇನ್ನೊಂದಕ್ಕೆ ಹತ್ತುತ್ತದೆ. ಇಲ್ಲಿಯೂ ಹಾಗೆಯೇ. ಸಣ್ಣ ನೊಣ ಒದ್ದಾಡಿದಷ್ಟೂ ಅಕ್ಕಪಕ್ಕದ ಹನಿಗಳು ಮೆತ್ತಿಕೊಳ್ಳುತ್ತವೆ, ಅಂಚಿನ ಉದ್ದ ಕೂದಲುಗಳು ಅನ್ನ ಕಲಸುವ ಬೆರಳುಗಳಂತೆ ಒಳಕ್ಕೆ ಬಾಗುತ್ತವೆ. ಅಂಟು ನೊಣದ ಉಸಿರಾಟದ ರಂಧ್ರಗಳನ್ನೂ ಮುಚ್ಚುತ್ತದೆ. ಆಮೇಲೆ ಎಲೆಯಿಂದ ಒಸರುವ ರಸ ನೊಣದ ಮೆತ್ತನೆಯ ಭಾಗವನ್ನು ಕರಗಿಸುತ್ತದೆ. ಕೆಲವು ದಿನಗಳ ಬಳಿಕ ಎಲೆ ಬಿಚ್ಚಿದಾಗ ಉಳಿದಿರುವುದು ಬರಿಯ ಸಿಪ್ಪೆ.

ಇಷ್ಟು ಕೇಳಿದೊಡನೆ "ಮಾಂಸಾಹಾರಿ ಗಿಡ" ಎನ್ನುತ್ತಾರೆ, ಮನುಷ್ಯರನ್ನು ನುಂಗುವ ಮರದ ಕಟ್ಟುಕಥೆಯನ್ನೂ ಸೇರಿಸುತ್ತಾರೆ. ಆ ಕಥೆಯನ್ನು ದಯವಿಟ್ಟು ನಂಬಬೇಡಿ. ಡ್ರಾಸೆರಾ ಹಸಿರು ಗಿಡ, ತನ್ನ ಸಕ್ಕರೆಯನ್ನು ಬಿಸಿಲಿನಲ್ಲಿ ತಾನೇ ಮಾಡಿಕೊಳ್ಳುತ್ತದೆ. ಕೊರತೆ ಇರುವುದು ಸಾರಜನಕ, ರಂಜಕಗಳದ್ದು. ಜಡಿಮಳೆ ಅವನ್ನು ಮಣ್ಣಿನಿಂದ ತೊಳೆದೊಯ್ಯುತ್ತದೆ. ಮನೆಯಲ್ಲಿ ಗಂಜಿ ಬೇಕಾದಷ್ಟಿದೆ, ಉಪ್ಪು ಮಾತ್ರ ಇಲ್ಲ. ಹುಳ ಆ ಉಪ್ಪು.

ಇದನ್ನು ಚಂದವಾಗಿ ತೋರಿಸಿದವನು ಚಾರ್ಲ್ಸ್ ಡಾರ್ವಿನ್. ಇಂಗ್ಲೆಂಡಿನಲ್ಲಿ ಬೆಳೆಯುವ ಇದರ ದುಂಡೆಲೆಯ ಬಂಧುವನ್ನು 1860ರಿಂದ ಪರೀಕ್ಷಿಸತೊಡಗಿ, 1875ರಲ್ಲಿ ಫಲಿತಾಂಶ ಪ್ರಕಟಿಸಿದ. ಸಕ್ಕರೆ ನೀರು, ಪಿಷ್ಟ, ಎಣ್ಣೆ ಹಾಕಿದರೆ ಎಲೆ ಸುಮ್ಮನಿತ್ತು. ಹಾಲು, ಮಾಂಸದ ರಸ, ಮೊಟ್ಟೆಯ ಬಿಳಿ ಹಾಕಿದರೆ ಬಾಗಿತು. ಈ ಮೂರರಲ್ಲೂ ಸಾರಜನಕವಿದೆ! ಸುಮಾರು 0.0008 ಮಿಲಿಗ್ರಾಂ ತೂಕದ ಮನುಷ್ಯರ ತಲೆಗೂದಲಿನ ಚೂರು ಸೋಕಿದರೂ ಬಾಗುವ ಎಲೆಯ ಕೂದಲು, ಮೇಲಿನಿಂದ ಬೀಳುವ ನೀರಿನ ಹನಿಗೆ ಜಗ್ಗಲಿಲ್ಲ. ಜಗ್ಗುವಂತಿದ್ದರೆ ನಮ್ಮ ಮಲೆನಾಡಿನ ಮಳೆಯಲ್ಲಿ ಈ ಗಿಡ ದಿನವಿಡೀ ಎಲೆ ಮಡಚುತ್ತಲೇ ಇರಬೇಕಾಗುತ್ತಿತ್ತು.

ಹೂವು ಬಿಳಿ, ಐದು ಎಸಳು. ಅದು ಅರಳುವುದು ಕಾಂಡದ ತುದಿಯಲ್ಲಿ, ಅಂಟಿನ ಎಲೆಗಳಿಂದ ಮೇಲೆ.

ನೋಡಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಬೆರಳಿನಿಂದ ಮುಟ್ಟಿದರೆ ಅಂಟು ಒರೆಸಿ ಹೋಗುತ್ತದೆ. ಕಿತ್ತು ತಂದು ಕುಂಡದಲ್ಲಿ ಗೊಬ್ಬರ ಹಾಕಿದರಂತೂ ಸಾಯುತ್ತದೆ, ಸಾರವಿಲ್ಲದ ಮಣ್ಣಿಗೆ ಒಗ್ಗಿದ ಬೇರು ಗೊಬ್ಬರದ ಲವಣವನ್ನು ತಾಳದು. ಬೇಸಿಗೆಯಲ್ಲಿ ಹೋಗಿ ಗಿಡವೇ ಇಲ್ಲವೆಂದು ಬೇಸರಪಡಬೇಡಿ. ಮೇಲಿನ ಭಾಗ ಒಣಗಿರುತ್ತದೆ, ಪುಟ್ಟ ಗೆಡ್ಡೆ ಮಣ್ಣಿನೊಳಗೆ ಮಳೆಗಾಗಿ ಕಾದಿರುತ್ತದೆ.