ಓದುಗರ ಪ್ರಶ್ನೆ: ದುಬೈ ಶಾಲೆಯ ಕೆಲಸಕ್ಕೆ ವಿಸಿಟ್ ವೀಸಾದಲ್ಲಿ ಹೊರಡಬಹುದೇ?

ಪ್ರಶ್ನೆ: ಎಂ.ಎಸ್ಸಿ., ಬಿ.ಎಡ್. ಮುಗಿಸಿ ಆರು ವರ್ಷ ಗಣಿತ ಕಲಿಸಿದ್ದೇನೆ. ದುಬೈನ ಸಿಬಿಎಸ್‌ಇ ಶಾಲೆಯೊಂದರಲ್ಲಿ ಏಪ್ರಿಲ್‌ನಿಂದ ಕೆಲಸವಿದೆ ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ವೀಸಾ, ಸರ್ವಿಸ್ ಚಾರ್ಜ್ ಎಲ್ಲ ಸೇರಿ 1.8 ಲಕ್ಷ ರೂಪಾಯಿ ಕೊಡಬೇಕಂತೆ. ಸದ್ಯ ವಿಸಿಟ್ ವೀಸಾದಲ್ಲಿ ಹೊರಡಿ, ಅಲ್ಲಿ ಇಳಿದ ಮೇಲೆ ಎಂಪ್ಲಾಯ್‌ಮೆಂಟ್ ವೀಸಾಕ್ಕೆ ಬದಲಾಯಿಸಿಕೊಡುತ್ತೇವೆ ಅನ್ನುತ್ತಾರೆ. ನಂಬಬಹುದೇ?

ಉತ್ತರ: ಈ ಷರತ್ತುಗಳ ಮೇಲೆ ಬೇಡ. ಕೆಲಸ ನಿಜವೇ ಇರಬಹುದು, ಆದರೆ ಅವರು ಕೇಳುತ್ತಿರುವ ದುಡ್ಡೂ ಸರಿಯಿಲ್ಲ, ತೋರಿಸುತ್ತಿರುವ ದಾರಿಯೂ ಸರಿಯಿಲ್ಲ.

ಮೊದಲು ದುಡ್ಡಿನ ವಿಷಯ. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಯುಎಇ ಕಾರ್ಮಿಕ ಕಾನೂನಿನ 6ನೇ ವಿಧಿಯ ಪ್ರಕಾರ ನೇಮಕಾತಿಯ ಖರ್ಚನ್ನು ನೇರವಾಗಿಯಾಗಲಿ, ಸುತ್ತುಬಳಸಿಯಾಗಲಿ ನೌಕರರ ತಲೆಗೆ ಕಟ್ಟುವಂತಿಲ್ಲ. ವರ್ಕ್ ಪರ್ಮಿಟ್, ಎಂಟ್ರಿ ಪರ್ಮಿಟ್, ಅಲ್ಲಿನ ಮೆಡಿಕಲ್ ಪರೀಕ್ಷೆ, ಎಮಿರೇಟ್ಸ್ ಐಡಿ ಎಲ್ಲವೂ ಶಾಲೆಯ ಖರ್ಚು. ಭಾರತದ ಕಡೆ, ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 35,400, ರಸೀದಿ ಸಹಿತ. ನಿಮ್ಮಿಂದ ಕೇಳಿದ್ದು ಅದರ ಐದು ಪಟ್ಟು. ಪದವಿ ಪತ್ರಗಳ ಅಟೆಸ್ಟೇಶನ್ ಮತ್ತು ಪೊಲೀಸ್ ಕ್ಲಿಯರೆನ್ಸ್ ಖರ್ಚು ಮಾತ್ರ ಸಾಮಾನ್ಯವಾಗಿ ನಮ್ಮ ಕೈಯಿಂದಲೇ ಹೋಗುತ್ತದೆ. ಅದನ್ನು ಏಜೆಂಟರ ಪ್ಯಾಕೇಜಿನಲ್ಲಿ ಸೇರಿಸದೆ ಬೇರೆಯಾಗಿಯೇ ಲೆಕ್ಕ ಇಡಿ.

ಏಜೆಂಟ್ ನೋಂದಾಯಿತರೋ ಅಲ್ಲವೋ ಎಂಬುದು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಹೆಸರು ಕಂಡಿತೆಂದು ಅಲ್ಲಿಗೇ ಬಿಡಬೇಡಿ. ಲೈಸೆನ್ಸ್ ಈಗ ಚಾಲ್ತಿಯಲ್ಲಿದೆಯೇ, ಅವಧಿ ಮುಗಿದಿದೆಯೇ, ಅಮಾನತಾಗಿದೆಯೇ ಎಂದೂ ನೋಡಿ. ವಿಳಾಸ ತಾಳೆಯಾಗಬೇಕು. 'ಮುಂಬೈಯ ದೊಡ್ಡ ಕಂಪನಿಗೆ ನಾವು ಇಲ್ಲಿ ಸಬ್-ಏಜೆಂಟ್' ಎನ್ನುವವರಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಇಲ್ಲೊಂದು ಸೂಕ್ಷ್ಮವೂ ಇದೆ. ಗಲ್ಫ್‌ಗೆ ಹೋಗುವ ಕೂಲಿಕಾರರ ಕಾಗದಗಳನ್ನು ಸರ್ಕಾರ ಹೊರಡುವ ಮೊದಲೇ ಪರಿಶೀಲಿಸುತ್ತದೆ. ಹತ್ತನೇ ತರಗತಿ ದಾಟಿದ ನಿಮ್ಮದು ಇಸಿಎನ್‌ಆರ್ ಪಾಸ್‌ಪೋರ್ಟ್, ಆ ತಪಾಸಣೆ ನಿಮಗಿಲ್ಲ. ಓದಿದವರಿಗೆ ಸಿಕ್ಕ ಈ ರಿಯಾಯಿತಿಯಿಂದಲೇ ಓದಿದವರು ಸುಲಭವಾಗಿ ಮೋಸ ಹೋಗುತ್ತಾರೆ.

ಏಜೆಂಟರಿಗೆ ವಿಸಿಟ್ ವೀಸಾ ಏಕೆ ಇಷ್ಟ?

ವಿಸಿಟ್ ವೀಸಾಕ್ಕೆ ಶಾಲೆಯ ಅಗತ್ಯವೇ ಇಲ್ಲ. ಯಾವ ಟ್ರಾವೆಲ್ ಏಜೆನ್ಸಿಯವರಾದರೂ ಕೆಲವೇ ದಿನಗಳಲ್ಲಿ ತೆಗೆದುಕೊಡುತ್ತಾರೆ. ಎಂಪ್ಲಾಯ್‌ಮೆಂಟ್ ಎಂಟ್ರಿ ಪರ್ಮಿಟ್ ಹಾಗಲ್ಲ. ಶಾಲೆಯೇ ಅಲ್ಲಿನ ಮಾನವ ಸಂಪನ್ಮೂಲ ಸಚಿವಾಲಯಕ್ಕೆ, ಅಂದರೆ ಎಲ್ಲರೂ 'ಮೊಹ್ರೆ' ಎಂದು ಕರೆಯುವ ಇಲಾಖೆಗೆ, ಅರ್ಜಿ ಹಾಕಿ ವರ್ಕ್ ಪರ್ಮಿಟ್‌ಗೆ ಅನುಮೋದನೆ ಪಡೆಯಬೇಕು. ಹಾಗಾಗಿ ಆ ಪರ್ಮಿಟ್ ಕೈಗೆ ಬಂತೆಂದರೆ ಈ ವ್ಯವಹಾರದಲ್ಲಿ ಶಾಲೆ ನಿಜವಾಗಿಯೂ ಇದೆ ಎಂದರ್ಥ. ವಿಸಿಟ್ ವೀಸಾ ಹಿಡಿದು ಇಳಿದವರಿಗೆ ಈ ಆಧಾರ ಇಲ್ಲ. ಅಲ್ಲಿ 'ಆ ಹುದ್ದೆ ತುಂಬಿಹೋಯಿತು, ಬೇರೆ ನೋಡೋಣ' ಎಂದರೆ ದಿನ ಎಣಿಸುತ್ತ ಕೂರಬೇಕು. ಅವಧಿ ಮೀರಿದರೆ ದಿನಕ್ಕೆ 50 ದಿರಹಂ ದಂಡ, ಒಂದು ತಿಂಗಳಿಗೆ 1,500.

ವಿಸಿಟ್ ವೀಸಾದಲ್ಲಿ ಹೋಗಿ ಸಂದರ್ಶನ ಕೊಡುವುದು ತಪ್ಪಲ್ಲ. ನೆಂಟರ ಮನೆಯಲ್ಲಿ ಉಳಿದು, ಸ್ವಂತ ಖರ್ಚಿನಲ್ಲಿ ನಾಲ್ಕು ಶಾಲೆ ಸುತ್ತಿ, ಡೆಮೊ ಕ್ಲಾಸ್ ಕೊಟ್ಟು ಕೆಲಸ ಗಿಟ್ಟಿಸಿದವರು ಕರಾವಳಿಯಲ್ಲಿ ಬೇಕಾದಷ್ಟಿದ್ದಾರೆ. ಆಯ್ಕೆಯಾದ ಮೇಲೆ ದೇಶ ಬಿಡದೆಯೇ ಸ್ಟೇಟಸ್ ಬದಲಾಯಿಸಿಕೊಳ್ಳಬಹುದು. ಪರ್ಮಿಟ್ ಬರುವ ಮೊದಲೇ ಹಾಜರಿ ಪುಸ್ತಕ ಹಿಡಿದು ತರಗತಿಗೆ ಹೋದರೆ ಮಾತ್ರ ಅದು ಕಾನೂನುಬಾಹಿರ ಕೆಲಸ. ಪರ್ಮಿಟ್ ಇಲ್ಲದವರನ್ನು ದುಡಿಸಿಕೊಳ್ಳುವ ಸಂಸ್ಥೆಗೆ 2024ರ ಆಗಸ್ಟ್‌ನಿಂದ ಕನಿಷ್ಠ 1 ಲಕ್ಷ, ಗರಿಷ್ಠ 10 ಲಕ್ಷ ದಿರಹಂ ದಂಡವಿದೆ. ಅಷ್ಟು ದಂಡದ ಭಯವಿರುವ ಒಳ್ಳೆಯ ಶಾಲೆ 'ಎರಡು ವಾರ ಟ್ರಯಲ್ ಮೇಲೆ ಬನ್ನಿ' ಅನ್ನುವುದಿಲ್ಲ.

ಕಾಗದ ಬಂದಾಗ ಏನು ನೋಡಬೇಕು

ಶಾಲೆಯ ಲೆಟರ್‌ಹೆಡ್‌ನಲ್ಲಿ ಬರುವ ಪತ್ರ ಬೇರೆ, ಮೊಹ್ರೆ ಮಾದರಿಯ ಆಫರ್ ಲೆಟರ್ ಬೇರೆ. ಎರಡನೆಯದರಲ್ಲಿ ಸಂಖ್ಯೆ ಇರುತ್ತದೆ, ಸಚಿವಾಲಯದ ವೆಬ್‌ಸೈಟ್‌ನಲ್ಲಿ ಹಾಕಿ ನೋಡಬಹುದು. ಅರಬ್ಬಿ ಮತ್ತು ಇಂಗ್ಲಿಷ್ ಜೊತೆಗೆ ನೌಕರರಿಗೆ ತಿಳಿಯುವ ಮೂರನೇ ಭಾಷೆಯಲ್ಲೂ ಅದನ್ನು ಪಡೆಯಬಹುದು. ಹಿಂದಿ, ಮಲಯಾಳಂ, ತಮಿಳು ಆ ಪಟ್ಟಿಯಲ್ಲಿವೆ. ಕನ್ನಡ ಇಲ್ಲ, ಆದ್ದರಿಂದ ಇಂಗ್ಲಿಷ್ ಪ್ರತಿಯನ್ನೇ ಸಾಲು ಸಾಲಾಗಿ ಓದಿ. ಮುಂದೆ ಸಹಿ ಹಾಕುವ ಒಪ್ಪಂದ ಇದಕ್ಕೆ ಹೊಂದಬೇಕು. ಅಲ್ಲಿ ಹೋದ ಮೇಲೆ ಕಡಿಮೆ ಸಂಬಳದ ಇನ್ನೊಂದು ಕಾಗದ ಮುಂದಿಟ್ಟರೆ ಅದು ಹಳೆಯ ಮೋಸ, ಸಹಿ ಹಾಕಬೇಡಿ.

ಎಂಟ್ರಿ ಪರ್ಮಿಟ್‌ನಲ್ಲಿ ಎರಡು ಸಾಲು ಮುಖ್ಯ. ಪ್ರಾಯೋಜಕರ ಜಾಗದಲ್ಲಿ ಶಾಲೆಯ ಹೆಸರೇ ಇರಬೇಕು. ಯಾವುದೋ ಟ್ರೇಡಿಂಗ್ ಅಥವಾ ಕ್ಲೀನಿಂಗ್ ಸರ್ವಿಸಸ್ ಹೆಸರಿದ್ದರೆ ನೀವು ಕಾನೂನಿನ ಕಣ್ಣಲ್ಲಿ ಅವರ ನೌಕರರು. ವೃತ್ತಿಯ ಜಾಗದಲ್ಲಿ ಶಿಕ್ಷಕ ಎಂದೇ ಇರಬೇಕು. ದುಬೈಯ ವೀಸಾ ಸಂಖ್ಯೆ 201ರಿಂದ, ಅಬುಧಾಬಿಯದು 101ರಿಂದ, ಶಾರ್ಜಾದ್ದು 301ರಿಂದ ಶುರುವಾಗುತ್ತದೆ. ಶಾಲೆ ದುಬೈನಲ್ಲಿದ್ದು ಸಂಖ್ಯೆ ಬೇರೆಯದಾದರೆ ವಿವರಣೆ ಕೇಳಿ.

ಶಾಲೆಯನ್ನೂ ಪರೀಕ್ಷಿಸಿ. ದುಬೈನ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವುದು ಕೆಎಚ್‌ಡಿಎ, ಅಬುಧಾಬಿಯಲ್ಲಿ ಅಡೆಕ್. ಕೆಎಚ್‌ಡಿಎ ವೆಬ್‌ಸೈಟ್‌ನಲ್ಲಿ ಶಾಲೆಗಳ ಪಟ್ಟಿ ಮತ್ತು ತಪಾಸಣಾ ವರದಿಗಳಿವೆ. ಅಲ್ಲಿರುವ ಫೋನ್ ಸಂಖ್ಯೆಗೇ ಕರೆ ಮಾಡಿ, ಏಜೆಂಟ್ ಕೊಟ್ಟದ್ದಕ್ಕಲ್ಲ. ಹುದ್ದೆ ಇದೆಯೇ, ಈ ಏಜೆಂಟರಿಗೆ ವಹಿಸಿದ್ದೀರಾ, ಎರಡೇ ಪ್ರಶ್ನೆ ಸಾಕು.

ನಮ್ಮವರು ಎಡವುವುದು ಇಲ್ಲಿ

ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪದವಿ ಪತ್ರದಲ್ಲಿ ತಂದೆಯ ಹೆಸರು, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು. ಅಟೆಸ್ಟೇಶನ್ ಹಂತದಲ್ಲಿ ಇದು ತಿಂಗಳುಗಟ್ಟಲೆ ತಿನ್ನುತ್ತದೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಕಾಲಂ ಖಾಲಿ ಬಿಟ್ಟವರು ನಮ್ಮಲ್ಲಿ ಬಹಳ. ಒಂಟಿ ಹೆಸರಿನ ಪಾಸ್‌ಪೋರ್ಟ್‌ಗೆ ಯುಎಇ 2022ರ ನವೆಂಬರ್‌ನಿಂದ ನಿರ್ಬಂಧ ಹಾಕಿದೆ. ಉಳಿದದ್ದಕ್ಕೆ ಕೈ ಹಾಕುವ ಮೊದಲು ಇದನ್ನು ಸರಿಪಡಿಸಿಕೊಳ್ಳಿ.

ಪದವಿ ಪತ್ರ ರಾಜ್ಯ ಮಟ್ಟದ ದೃಢೀಕರಣ, ದೆಹಲಿಯ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯ, ಈ ಕ್ರಮದಲ್ಲಿ ಸಾಗುತ್ತದೆ. ಹಲವು ದೇಶಗಳು ಒಪ್ಪುವ ಅಪೊಸ್ಟಿಲ್ ಎಂಬ ದೃಢೀಕರಣ ಮುದ್ರೆಯೊಂದರಿಂದ ಯುಎಇ ಕೆಲಸ ಆಗುವುದಿಲ್ಲ. ಬಿ.ಎಡ್. ದೂರಶಿಕ್ಷಣದ್ದಾದರೆ ಶಾಲೆಗೆ ಮೊದಲೇ ಹೇಳಿಬಿಡಿ, ನಮ್ಮ ಪದವಿ ಅಲ್ಲಿನದಕ್ಕೆ ಸಮ ಎಂದು ಒಪ್ಪಿಸುವ ತತ್ಸಮಾನತೆಯ ಹಂತದಲ್ಲಿ ಅರ್ಜಿ ಸಿಕ್ಕಿಬೀಳುವುದು ಅಲ್ಲೇ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ, ಶುಲ್ಕ 500 ರೂಪಾಯಿ. ಹಿಂದೆ ಕ್ಷಯರೋಗ ಬಂದು ಹೋಗಿದ್ದರೆ ಊರಲ್ಲೇ ಎದೆಯ ಎಕ್ಸ್‌ರೇ ತೆಗೆಸಿ ವೈದ್ಯರಿಗೆ ತೋರಿಸಿ. ಅಲ್ಲಿನ ಪರೀಕ್ಷೆಯಲ್ಲಿ ಕಲೆ ಕಂಡರೆ ತೊಂದರೆಯಾಗಬಹುದು.

ಸಂಬಳದ ಒಳಲೆಕ್ಕ

ಒಟ್ಟು 4,000 ದಿರಹಂ ಎಂದಾಗ ಅದರಲ್ಲಿ ಬೇಸಿಕ್ ಎಷ್ಟು ಎಂದು ಕೇಳಿ. ಗ್ರಾಚುಟಿ ಬೇಸಿಕ್ ಮೇಲೆ ಮಾತ್ರ: ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ವೇತನ. ಬೇಸಿಕ್ 2,000 ಇದ್ದರೆ ಮೂರು ವರ್ಷಕ್ಕೆ 4,200 ದಿರಹಂ. 3,000 ಇದ್ದರೆ 6,300. ಕುಟುಂಬವನ್ನು ಕರೆಸಿಕೊಳ್ಳಲು 4,000 ದಿರಹಂ ಸಂಬಳ ಬೇಕು, ಇಲ್ಲವೇ 3,000 ಮತ್ತು ವಸತಿ. ಪ್ರೊಬೇಷನ್ ಆರು ತಿಂಗಳು ಮೀರುವಂತಿಲ್ಲ. ಆ ಅವಧಿಯಲ್ಲಿ ಊರಿಗೆ ಮರಳುವುದಾದರೆ 14 ದಿನ, ಅಲ್ಲೇ ಬೇರೆ ಶಾಲೆ ಸೇರುವುದಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು. ಪಾಸ್‌ಪೋರ್ಟ್ ಶಾಲೆಯ ಕಪಾಟಿನಲ್ಲಿಡಲು ಕೇಳಿದರೆ ಕೊಡಬೇಕಾಗಿಲ್ಲ, ಇಟ್ಟುಕೊಳ್ಳುವುದನ್ನು ಕಾನೂನು ನಿಷೇಧಿಸಿದೆ.

ದುಡ್ಡು ಈಗಾಗಲೇ ಕೊಟ್ಟಿದ್ದರೆ, ಆನ್‌ಲೈನ್ ಮೂಲಕ ಹೋದದ್ದಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಏಜೆಂಟ್ ಮೇಲಿನ ದೂರು ಇ-ಮೈಗ್ರೇಟ್‌ನಲ್ಲೇ ಕೊಡಬಹುದು, ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090. ಯುಎಇಯಲ್ಲಿ ಇಳಿದ ಮೇಲೆ ತೊಂದರೆಯಾದರೆ ಭಾರತೀಯರ ಸಹಾಯವಾಣಿ 800 46342, ಮೊಹ್ರೆಯ ದೂರವಾಣಿ 600 590000. ವಾಟ್ಸ್ಆ್ಯಪ್ ಮಾತುಕತೆ, ರಸೀದಿ, ಬ್ಯಾಂಕ್ ವಿವರ ಯಾವುದನ್ನೂ ಅಳಿಸಬೇಡಿ. ನಗದು ಕೊಟ್ಟಿದ್ದರೆ, ಏಜೆಂಟರೊಡನೆ ಜಗಳಕ್ಕೆ ಇಳಿಯುವ ಮೊದಲು, ಹಣ ತಲುಪಿದೆ ಎಂದು ಅವರೇ ಒಪ್ಪುವ ಒಂದು ಮೆಸೇಜ್ ತರಿಸಿಕೊಳ್ಳಿ.