ಸ್ಟ್ಯಾಂಡ್‌ಬೈ: ಐಫೋನ್ ಮೇಜಿನ ಗಡಿಯಾರವಾಗುವ ಬಗೆ

ಐಫೋನನ್ನು ಚಾರ್ಜ್‌ಗೆ ಹಾಕಿ, ಅಡ್ಡಲಾಗಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಪರದೆ ಲಾಕ್ ಮಾಡಿದರೆ ತೆರೆದುಕೊಳ್ಳುವ ದೊಡ್ಡ ಗಡಿಯಾರದ ನೋಟವೇ ಸ್ಟ್ಯಾಂಡ್‌ಬೈ. 2023ರಲ್ಲಿ ಐಫೋನಿನ ಕಾರ್ಯಾಚರಣಾ ತಂತ್ರಾಂಶವಾದ ಐಒಎಸ್ 17ರ ಜೊತೆ ಬಂತು. ಚಾರ್ಜ್ ಆಗುತ್ತಿರಬೇಕು, ಅಡ್ಡಲಾಗಿ ನಿಂತಿರಬೇಕು, ಅಲುಗಾಡಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಸ್ಟ್ಯಾಂಡ್‌ಬೈ ಬರುವುದಿಲ್ಲ. ಹಾಸಿಗೆಯ ಮೇಲೆ ಮಲಗಿಸಿಟ್ಟ ಫೋನಿನಲ್ಲಿ ಇದನ್ನು ಹುಡುಕಿ ಪ್ರಯೋಜನವಿಲ್ಲ.

ಇದರಲ್ಲಿ ಮೂರು ಪುಟಗಳಿವೆ: ವಿಜೆಟ್ (ಆ್ಯಪ್‌ನ ಮಾಹಿತಿಯನ್ನು ಪರದೆಯಲ್ಲೇ ತೋರಿಸುವ ಪುಟ್ಟ ಚೌಕ), ಫೋಟೋ, ಗಡಿಯಾರ. ಪುಟ ಬದಲಿಸಲು ಎಡಕ್ಕೋ ಬಲಕ್ಕೋ ಸರಿಸಬೇಕು. ಗಡಿಯಾರದ ಪುಟದಲ್ಲಿ ಮೇಲೆ ಕೆಳಗೆ ಸರಿಸಿದರೆ ಶೈಲಿ ಬದಲಾಗುತ್ತದೆ. ದಪ್ಪ ಅಂಕಿಗಳ ಡಿಜಿಟಲ್, ಮುಳ್ಳುಗಳ ಅನಲಾಗ್, ಭೂಪಟವಿರುವ ವರ್ಲ್ಡ್, ಬೆಳಕಿನ ಹೊಳಪಿನ ಸೋಲಾರ್, ಉಬ್ಬಿದ ಅಂಕಿಗಳ ಫ್ಲೋಟ್. ಬಣ್ಣ ಬದಲಿಸಬೇಕಿದ್ದರೆ ಪರದೆಯನ್ನು ಒತ್ತಿ ಹಿಡಿಯಿರಿ. ಲಾಕ್ ತೆಗೆಯಲು ಕೇಳಿದರೆ ಫೇಸ್ ಐಡಿ ಕೊಡಿ, ಆಮೇಲೆ ಬಣ್ಣದ ಗುಂಡಿ ಮುಟ್ಟಿ ಆರಿಸಿಕೊಳ್ಳಿ. ಕೋಣೆಯ ಆಚೆ ತುದಿಯಿಂದ ಸಮಯ ನೋಡುವವರಿಗೆ ಡಿಜಿಟಲ್ಲೇ ಸರಿ. ಮುಳ್ಳಿನ ಗಡಿಯಾರ ಚೆಂದ, ಆದರೆ ಅದು ಕೈಗೆಟುಕುವ ಮೇಜಿಗೆ ಮಾತ್ರ.

ನಿಜವಾದ ಜೋಡಣೆಯ ಕೆಲಸ ಇರುವುದು ವಿಜೆಟ್ ಪುಟದಲ್ಲಿ. ಅಲ್ಲಿ ಪಕ್ಕಪಕ್ಕ ಎರಡು ಚೌಕಗಳು, ಒಂದೊಂದರಲ್ಲೂ ಹಲವು ವಿಜೆಟ್‌ಗಳ ಅಟ್ಟಿ. ಎಡದ ಚೌಕವನ್ನು ಒತ್ತಿ ಹಿಡಿದು, ಕೂಡಿಸು ಚಿಹ್ನೆಯಿಂದ ಗಡಿಯಾರ ಸೇರಿಸಿ. ಬೇಡದ್ದನ್ನು ಕಳೆಯುವ ಚಿಹ್ನೆಯಿಂದ ತೆಗೆಯಿರಿ. ಬಲದ ಚೌಕಕ್ಕೆ ಕ್ಯಾಲೆಂಡರ್ ಅಥವಾ ಇನ್ನೊಂದು ಊರಿನ ಗಡಿಯಾರ ಇಡಬಹುದು. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಿಗೆ ಇದು ತುಂಬಾ ಅನುಕೂಲ: ಬೆಂಗಳೂರು ಅಲ್ಲಿಗಿಂತ ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ, ಚಳಿಗಾಲದಲ್ಲಿ 13 ಗಂಟೆ 30 ನಿಮಿಷ ಮುಂದಿರುತ್ತದೆ. ಊರಿಗೆ ಫೋನ್ ಮಾಡುವ ಮುನ್ನ ಬೆರಳೆಣಿಸುವ ಕೆಲಸ ತಪ್ಪುತ್ತದೆ, ಮಾರ್ಚ್ ಮತ್ತು ನವೆಂಬರ್‌ನಲ್ಲಿ ಅಲ್ಲಿನ ಗಡಿಯಾರ ಒಂದು ಗಂಟೆ ಬದಲಾಗುವುದನ್ನೂ ವಿಜೆಟ್ ತಾನೇ ನೋಡಿಕೊಳ್ಳುತ್ತದೆ.

ಇಲ್ಲೇ ಹೆಚ್ಚಿನವರು ಎಡವುವುದು. ರಾತ್ರಿ ಇಟ್ಟ ಗಡಿಯಾರದ ಜಾಗದಲ್ಲಿ ಬೆಳಿಗ್ಗೆ ಹವಾಮಾನ ಬಂದಿರುತ್ತದೆ. ಕಾರಣ ಸ್ಮಾರ್ಟ್ ರೊಟೇಟ್: ಅಟ್ಟಿಯಲ್ಲಿರುವ ವಿಜೆಟ್‌ಗಳನ್ನು ಫೋನ್ ತನಗೆ ಸೂಕ್ತ ಅನಿಸಿದಂತೆ ಮುಂದೆ ತರುತ್ತದೆ. ವಿಜೆಟ್ ತಿದ್ದುವ ಪರದೆಯಲ್ಲೇ ಅದನ್ನು ಆಫ್ ಮಾಡಬಹುದು. ಪಕ್ಕದಲ್ಲಿರುವ ವಿಜೆಟ್ ಸಲಹೆಗಳನ್ನೂ ಆಫ್ ಮಾಡಿಬಿಡಿ, ಇಲ್ಲದಿದ್ದರೆ ನೀವು ಹಾಕದ ವಿಜೆಟ್ ಕೂಡ ಬಂದು ಕೂರುತ್ತದೆ. ಅಟ್ಟಿಯಲ್ಲಿ ಗಡಿಯಾರ ಒಂದನ್ನೇ ಉಳಿಸಿದರೆ ಇನ್ನೂ ನಿಶ್ಚಿಂತೆ.

ಆರಿಸಿದ ಬಣ್ಣ ರಾತ್ರಿ ಕಾಣದೆ ಎಲ್ಲವೂ ಕೆಂಪಾದರೆ ಗಾಬರಿ ಬೇಡ. ಕತ್ತಲಲ್ಲಿ ಕಣ್ಣಿಗೆ ಚುಚ್ಚದಿರಲೆಂದು ನೈಟ್ ಮೋಡ್ ಹಾಗೆ ಮಾಡುತ್ತದೆ. ಬೇಡವಾದರೆ ಸೆಟ್ಟಿಂಗ್ಸ್‌ನ ಸ್ಟ್ಯಾಂಡ್‌ಬೈ ವಿಭಾಗದಲ್ಲಿ ನಿಲ್ಲಿಸಬಹುದು, ಆದರೆ ಮಲಗುವ ಕೋಣೆಯಲ್ಲಿ ಅದು ಇರುವುದೇ ಒಳ್ಳೆಯದು.

ಸ್ವಲ್ಪ ಹೊತ್ತಿಗೇ ಪರದೆ ಕಪ್ಪಾಗುವುದು ಇನ್ನೊಂದು ದೂರು. ಸದಾ ಬೆಳಗುವ ಪರದೆ ಐಫೋನ್ 14 ಪ್ರೋದಿಂದ ಶುರುವಾಯಿತು. ಅದಿಲ್ಲದ ಫೋನುಗಳಲ್ಲಿ ಮುಟ್ಟಿ ಎಬ್ಬಿಸಬೇಕು. ಅದಿರುವ ಫೋನಿನಲ್ಲೂ ಬ್ಯಾಟರಿ ಉಳಿಸುವ ಲೋ ಪವರ್ ಮೋಡ್ ಹಾಕಿದ್ದರೆ ಪರದೆ ಆರುತ್ತದೆ.

ಮನೆಯಲ್ಲಿ ಎರಡು ಕಡೆ ಫೋನ್ ಇಡುವವರು ಎರಡಕ್ಕೂ ಮ್ಯಾಗ್‌ಸೇಫ್ ಚಾರ್ಜರ್ (ಆಯಸ್ಕಾಂತದಿಂದ ಫೋನಿನ ಬೆನ್ನಿಗೆ ಅಂಟುವ ವೈರ್‌ಲೆಸ್ ಚಾರ್ಜರ್) ಬಳಸಿ. ಯಾವ ಚಾರ್ಜರ್ ಮೇಲೆ ಯಾವ ನೋಟವಿತ್ತು ಎಂಬುದನ್ನು ಫೋನ್ ನೆನಪಿಡುತ್ತದೆ: ಹಾಸಿಗೆಯ ಪಕ್ಕ ಬರಿಯ ಗಡಿಯಾರ, ಕೆಲಸದ ಮೇಜಿನಲ್ಲಿ ಗಡಿಯಾರ ಮತ್ತು ಕ್ಯಾಲೆಂಡರ್. ಮಾಮೂಲಿ ಕೇಬಲ್ ಚುಚ್ಚಿದರೆ ಈ ವ್ಯತ್ಯಾಸ ಅದಕ್ಕೆ ತಿಳಿಯುವುದಿಲ್ಲ.