ಸಿನಿಮಾ ಎಲ್ಲಿ ನಿಲ್ಲಿಸಬೇಕು?

ಶರೀರಕ್ರಿಯಾ ವಿಜ್ಞಾನಕ್ಕೆ ಯಾವ ಸಿನಿಮಾ ತೋರಿಸಲಿ ಎಂದು ವಿಜಯಪುರ, ಬಾಗಲಕೋಟೆ ಕಡೆಯ ಕಿರಿಯ ಅಧ್ಯಾಪಕರು ಕೇಳುತ್ತಲೇ ಇರುತ್ತಾರೆ. ಹೆಸರು ಹೇಳುತ್ತೇನೆ. ಅವರು ಶನಿವಾರ ಮಧ್ಯಾಹ್ನ ಕಿಟಕಿ ಮುಚ್ಚಿ ಇಡೀ ಸಿನಿಮಾ ಓಡಿಸುತ್ತಾರೆ. ಕೊನೆಗೆ ‘ಇದೆಲ್ಲ ಸುಳ್ಳು, ಪರೀಕ್ಷೆಗೆ ಪುಸ್ತಕ ಓದಿ’ ಎಂದು ದೀಪ ಹಾಕುತ್ತಾರೆ. ನನಗೆ ತಾಳ್ಮೆ ತಪ್ಪುವುದು ಇಲ್ಲಿಯೇ. ಸುಳ್ಳೆಂದು ಮಕ್ಕಳಿಗೆ ಗೊತ್ತಿಲ್ಲವೇ? ಯಾಕೆ ಸುಳ್ಳು, ಅದು ನಿಜವಾಗಬೇಕಾದರೆ ದೇಹದಲ್ಲಿ ಏನೇನು ಬದಲಾಗಬೇಕು ಎಂದು ಕೇಳಿದಾಗಲೇ ಪಾಠ ಶುರುವಾಗುವುದು.

ಐದು ನಿಮಿಷ ತೋರಿಸಿ, ನಿಲ್ಲಿಸಿ. 1966ರ ‘ಫೆಂಟಾಸ್ಟಿಕ್ ವಾಯೇಜ್’ನಲ್ಲಿ ಒಂದು ತಂಡ ಜಲಾಂತರ್ಗಾಮಿಯ ಸಮೇತ ಸೂಕ್ಷ್ಮಾಣುವಿನಷ್ಟು ಕುಗ್ಗಿ ರೋಗಿಯ ರಕ್ತನಾಳ ಸೇರುತ್ತದೆ. ದಾರಿಯಲ್ಲಿ ಗಾಳಿ ಸಾಲದೆ ರೋಗಿಯ ಶ್ವಾಸಕೋಶದಿಂದಲೇ ತುಂಬಿಕೊಳ್ಳುತ್ತದೆ. ಅಲ್ಲಿ ನಿಲ್ಲಿಸಬೇಕು. ಕೆಂಪು ರಕ್ತಕಣದ ಅಗಲ ಸುಮಾರು 7.5 ಮೈಕ್ರೋಮೀಟರ್, ಅತಿ ಸಣ್ಣ ರಕ್ತನಾಳವಾದ ಲೋಮನಾಳದ್ದು 5ರಿಂದ 10. ಕಣವೇನೋ ಮಡಚಿಕೊಂಡು ನುಸುಳುತ್ತದೆ, ಲೋಹದ ಹಡಗು? ಇದು ಸುಲಭದ ಪ್ರಶ್ನೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದು ತರಗತಿಯಲ್ಲಿ ಬಾಯಿಯೇ ಬಿಡದಿದ್ದ ಇಂಡಿ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: ‘ಸರ್, ಅವರು ಕುಗ್ಗಿದ್ದಾರೆ, ರೋಗಿಯ ಶ್ವಾಸಕೋಶದಲ್ಲಿರುವ ಆಮ್ಲಜನಕ ಕುಗ್ಗಿಲ್ಲ. ಅವರ ಹಿಮೋಗ್ಲೋಬಿನ್ ಅದನ್ನು ಹೇಗೆ ಹಿಡಿಯುತ್ತದೆ?’ ಒಂದು ಹಿಮೋಗ್ಲೋಬಿನ್ ನಾಲ್ಕು ಆಮ್ಲಜನಕ ಅಣುಗಳನ್ನು ಹೊರುತ್ತದೆಂದು ಎಲ್ಲರಿಗೂ ಬಾಯಿಪಾಠವಿತ್ತು. ಆ ಹಿಡಿತಕ್ಕೆ ಹಿಮೋಗ್ಲೋಬಿನ್‌ನೊಳಗಿನ ಕಬ್ಬಿಣದ ಪಕ್ಕದಲ್ಲಿ ಅಳತೆಗೆ ತಕ್ಕ ಜಾಗ ಬೇಕೆಂಬುದು ಅಂದು ತಲೆಗೆ ಹತ್ತಿತು. ಊಟದ ಹೊತ್ತು ಮೀರಿದರೂ ಯಾರೂ ಏಳಲಿಲ್ಲ. ಆ ಹುಡುಗಿಯ ಮೇಲೆ ನನಗೆ ಈಗಲೂ ಅಭಿಮಾನ.

ಇದರಿಂದ ಅಂಕ ಏರುತ್ತದೆಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ಪಾಠ ಮುಗಿದ ಮೇಲೆಯೇ ದೃಶ್ಯ ತೋರಿಸಿ. ಮೊದಲೇ ತೋರಿಸಿದರೆ ಪರದೆಯ ಮೇಲಿನ ತಪ್ಪೇ ಮನಸ್ಸಿನಲ್ಲಿ ಗಟ್ಟಿಯಾಗುವ ಅಪಾಯವಿದೆ. ಸೋಂಕು ಹರಡುವ ಲೆಕ್ಕ ಕಲಿಸಲು 2011ರ ‘ಕಂಟೇಜಿಯನ್’ ಚೆನ್ನಾಗಿದೆ. ಆದರೆ ಕೋವಿಡ್‌ನಲ್ಲಿ ತಂದೆ ತಾಯಿಯನ್ನು ಕಳೆದುಕೊಂಡ ಮಕ್ಕಳು ನಿಮ್ಮ ಎದುರಿಗೇ ಕುಳಿತಿರಬಹುದು. ಹಿಂದಿನ ದಿನವೇ ತಿಳಿಸಿ, ಬೇಡವೆಂದವರನ್ನು ಒತ್ತಾಯಿಸಬೇಡಿ. ರೋಗನಿರೋಧಕ ಶಕ್ತಿಯಿಲ್ಲದ ಜನರಲ್ಲಿ ಒಬ್ಬ ದಡಾರ ರೋಗಿಯಿಂದ 12ರಿಂದ 18 ಮಂದಿಗೆ ಸೋಂಕು ತಗಲಬಹುದು. ಸಿನಿಮಾ ಬೇಡವೆಂದವರಿಗೆ ಆ ಲೆಕ್ಕವನ್ನು ಹಲಗೆಯ ಮೇಲೆಯೇ ಮಾಡಿಸಿ.